ಹಾಲು ಸಾಲ್ತಿಲ್ಲ ಅನ್ನುವ ಮುಂಚೆ: ಬಾಣಂತಿಯ ಮನೆಯವರಿಗೆ ಕಿವಿಮಾತು

ಯಲಹಂಕ ಹಳೇ ಟೌನಿನ ಓಣಿಗಳಿಂದ ಹಿಡಿದು ಜಕ್ಕೂರು, ಕೋಗಿಲು, ಹೆಬ್ಬಾಳದ ವಠಾರಗಳವರೆಗೆ ಹೆಗಲಿಗೆ ಲಸಿಕೆ ಡಬ್ಬಿ ನೇತುಹಾಕಿಕೊಂಡು ಮನೆಮನೆ ಸುತ್ತಿದವಳು ನಾನು. ಸರ್ಕಾರಿ ಭಾಷೆಯಲ್ಲಿ ಕಿರಿಯ ಆರೋಗ್ಯ ಸಹಾಯಕಿ, ಜನರ ಬಾಯಲ್ಲಿ ನರ್ಸಮ್ಮ. ನಿವೃತ್ತಿಯಾದ ಮೇಲೆ ಇಬ್ಬರು ಹೆಣ್ಣುಮಕ್ಕಳ ಬಾಣಂತನ ಮಾಡಿದೆ, ಸೊಸೆಯ ಬಾಣಂತನಕ್ಕೂ ಕೈಜೋಡಿಸಿದೆ. ಇಷ್ಟು ಮನೆಗಳ ಒಳಹೊಕ್ಕು ನೋಡಿದ ಮೇಲೆ ನನಗೆ ಖಾತ್ರಿಯಾಗಿರುವ ಮಾತು ಒಂದೇ. ಹಾಲು ಹುಟ್ಟುವುದು ತಾಯಿಯ ಎದೆಯಲ್ಲಿ. ಅದನ್ನು ಉಳಿಸುವವರು, ಬತ್ತಿಸುವವರು ಬಹಳ ಸಲ ಮನೆಯವರು. ಬಾಣಂತಿಗೆ ಬುದ್ಧಿ ಹೇಳಲು ಈಗಾಗಲೇ ಹತ್ತು ಜನ ಇದ್ದಾರೆ. ಈ ಕಿವಿಮಾತು ಅವಳ ಅಮ್ಮನಿಗೆ, ಅತ್ತೆಗೆ, ಗಂಡನಿಗೆ, ನಾದಿನಿಗೆ, ಪಕ್ಕದ ಮನೆಯವರಿಗೆ, ಅವಳು ದುಡಿಯುವ ಕಡೆಯ ಮೇಲಿನವರಿಗೆ.

• ಸೀಮಂತಕ್ಕೆ ಸೀರೆ ಆರಿಸುವ ಹೊತ್ತಿಗೇ ಹಾಲಿನ ಮಾತೂ ಆಗಲಿ. ಹೆರಿಗೆಗೆ ಗೊತ್ತು ಮಾಡಿದ ಆಸ್ಪತ್ರೆಯಲ್ಲಿ ಮೂರು ಪ್ರಶ್ನೆ ಕೇಳಿ. ಹುಟ್ಟಿದ ತಕ್ಷಣ ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸುತ್ತೀರಾ? ಹಗಲೂ ರಾತ್ರಿ ಮಗು ತಾಯಿಯ ಪಕ್ಕದಲ್ಲೇ ಇರುತ್ತದಾ? ನಡುರಾತ್ರಿ ಹಾಲೂಡಿಸಲು ಬರದೆ ಅವಳು ಒದ್ದಾಡಿದರೆ ಪಕ್ಕದಲ್ಲಿ ಕೂತು ತೋರಿಸಿಕೊಡುವವರು ಯಾರು? ಯಲಹಂಕದ ಸರ್ಕಾರಿ ಆಸ್ಪತ್ರೆಯಾಗಲಿ, ಮಲ್ಲೇಶ್ವರದ ಕೆ.ಸಿ. ಜನರಲ್ ಆಗಲಿ, ಹೆಬ್ಬಾಳದ ಖಾಸಗಿ ಆಸ್ಪತ್ರೆಯಾಗಲಿ, ಕೇಳಲು ಸಂಕೋಚ ಬೇಡ. ರೂಮಿಗೆ ಎ.ಸಿ. ಇದೆಯಾ, ಜೊತೆಗಿರುವವರಿಗೆ ಮಂಚ ಇದೆಯಾ ಅಂತೆಲ್ಲ ವಿಚಾರಿಸುವ ನಾವು ಇದನ್ನೇ ಬಿಟ್ಟುಬಿಡುತ್ತೇವೆ.

• ಹುಟ್ಟಿದ ಮೊದಲ ಒಂದು ಗಂಟೆ ತಾಯಿ ಮಗುವಿಗೆ ಸೇರಿದ್ದು. ಆ ಗಂಟೆಯೊಳಗೆ ಮಗು ಎದೆ ಹಿಡಿಯಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ನಮ್ಮ ಆರೋಗ್ಯ ಇಲಾಖೆಯ ಮಾತೂ ಹೌದು. ಆಗತಾನೇ ಹುಟ್ಟಿದ ಮಗು ಎಚ್ಚರವಾಗಿರುತ್ತದೆ. ಬರಿಮೈಯಲ್ಲಿ ತಾಯಿಯ ಎದೆ ಮೇಲೆ ಮಲಗಿಸಿ ಬಟ್ಟೆ ಹೊದೆಸಿದರೆ ತಾನೇ ತಲೆಯಾಡಿಸಿ, ಬಾಯಿ ಚಪ್ಪರಿಸಿ ಮೊಲೆ ಹುಡುಕುತ್ತದೆ. ಆಮೇಲೆ ಮಂಪರು ಬಂದು ಗಂಟೆಗಟ್ಟಲೆ ಮಲಗಿಬಿಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ದೇಶದಲ್ಲಿ ನೂರಕ್ಕೆ 89ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ, ಆದರೂ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕುವುದು ನೂರಕ್ಕೆ 42 ಮಕ್ಕಳಿಗೆ. ಡಾಕ್ಟರು, ನರ್ಸು ಎಲ್ಲ ಇರುವ ಜಾಗದಲ್ಲೇ ಆ ಗಂಟೆ ಕಳೆದುಹೋಗುತ್ತಿದೆ. ತೂಕ, ಸ್ನಾನ, ಫೋಟೋ, ವಿಡಿಯೋ ಕಾಲ್, ಯಾರ ಮೂಗು ಯಾರ ಕಣ್ಣು ಅನ್ನುವ ಚರ್ಚೆ, ಎಲ್ಲಕ್ಕೂ ಆಮೇಲೆ ಸಮಯವಿದೆ. ಬಾಗಿಲಲ್ಲಿ ನಿಂತು ನೆಂಟರನ್ನು ತಡೆಯುವ ಕೆಲಸವನ್ನು ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಿ.

• ಸಿಸೇರಿಯನ್ ಆದರೆ ಹಾಲು ಬರಲ್ಲ ಅನ್ನುವ ಮಾತನ್ನು ದಯವಿಟ್ಟು ಬಾಣಂತಿಯ ಕಿವಿಗೆ ಹಾಕಬೇಡಿ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಸಿಸೇರಿಯನ್. ಇಷ್ಟು ತಾಯಂದಿರಿಗೆ ಹಾಲು ಬರದಿರಲು ಸಾಧ್ಯವೇ? ಹಾಲು ತುಂಬುವುದು ಒಂದು ದಿನ ತಡವಾಗಬಹುದು, ಅಷ್ಟೇ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್‌ನಲ್ಲಿ ತಾಯಿಗೆ ಎಚ್ಚರವಿರುತ್ತದೆ. ಹೊರಗೆ ಬಂದ ತಕ್ಷಣ ಮಗುವನ್ನು ಎದೆಗೆ ಕೊಡಬಹುದು. ಹೊಲಿಗೆ ನೋಯುತ್ತದೆ, ಕೂರಲು ಆಗುವುದಿಲ್ಲ. ಅವಳನ್ನು ಮಗ್ಗುಲಿಗೆ ಮಲಗಿಸಿ, ಬೆನ್ನ ಹಿಂದೆ ದಿಂಬು ಕೊಟ್ಟು, ಮಗುವನ್ನು ಅವಳತ್ತ ತಿರುಗಿಸಿ ಮಲಗಿಸಿ. ಮಗುವನ್ನು ಎತ್ತಿ ಕೊಡುವುದು, ಬದಲಿಸುವುದು, ಮತ್ತೆ ತೆಗೆದುಕೊಳ್ಳುವುದು ಜೊತೆಗಿರುವವರ ಕೆಲಸ.

• ಗಿಣ್ಣು ಚೆಲ್ಲಬೇಡಿ. ಯಲಹಂಕ ಇನ್ನೂ ಊರಾಗಿದ್ದ ಕಾಲದಲ್ಲಿ ಹಸು ಕರು ಹಾಕಿದರೆ ಬೀದಿಯವರೆಲ್ಲ ಗಿಣ್ಣಿಗೆ ಪಾತ್ರೆ ಕಳಿಸುತ್ತಿದ್ದರು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಹಂಚಿ ತಿನ್ನುತ್ತಿದ್ದೆವು. ಆದರೂ ಕರುವಿಗೆ ಕುಡಿಸದೆ ಯಾರೂ ಕೆಚ್ಚಲಿಗೆ ಕೈಹಾಕುತ್ತಿರಲಿಲ್ಲ, ಮೊದಲ ಹಾಲು ಕುಡಿಯದ ಕರು ಉಳಿಯುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅದೇ ಮನೆಗಳಲ್ಲಿ ಹೆತ್ತವಳ ಗಿಣ್ಣನ್ನು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲಿಸುತ್ತಿದ್ದರು.

ನನ್ನ ಮೊದಲ ಹೆರಿಗೆಯಲ್ಲಿ ನನ್ನಮ್ಮನೂ ಹಾಗೇ ಮಾಡಿದಳು. "ಹಳದಿ ಇದೆ ಕಣೇ, ಮಗುವಿಗೆ ಜೀರ್ಣ ಆಗಲ್ಲ, ಮೂರು ದಿನ ಹೋಗಲಿ" ಅಂದಳು. ಮೂರು ದಿನ ಮಗುವಿಗೆ ಸಕ್ಕರೆ ನೀರು. ನಾಲ್ಕನೇ ದಿನಕ್ಕೆ ನನ್ನ ಎದೆ ಕಲ್ಲಾಗಿತ್ತು, ಮಗುವಿಗೆ ಹಿಡಿಯಲು ಬರಲಿಲ್ಲ, ಇಬ್ಬರೂ ಅತ್ತೆವು. ಅಮ್ಮ ಪ್ರೀತಿಯಿಂದಲೇ ಮಾಡಿದ್ದು, ಅವಳಿಗೆ ಅವಳ ಅಮ್ಮ ಹೇಳಿಕೊಟ್ಟದ್ದು ಅದು. ಟ್ರೈನಿಂಗಿಗೆ ಸೇರಿ ಆ ಹಳದಿ ಹಾಲೇ ಮಗುವಿನ ಮೊದಲ ಲಸಿಕೆ ಇದ್ದ ಹಾಗೆ ಅಂತ ಕಲಿತ ದಿನ ನನಗೆ ಆದ ಸಂಕಟ ಇವತ್ತಿಗೂ ಹೋಗಿಲ್ಲ. ರೋಗ ತಡೆಯುವ ಶಕ್ತಿ ಆ ಕೆಲವೇ ಹನಿಗಳಲ್ಲಿ ಕಿಕ್ಕಿರಿದಿರುತ್ತದೆ. ಎ ಜೀವಸತ್ವವಿದೆ. ಹುಟ್ಟುವಾಗ ಹೊಟ್ಟೆಯಲ್ಲಿರುವ ಕಪ್ಪು ಅಂಟು ಮಲ ಬೇಗ ಹೊರಗೆ ಹೋಗಲು ಅದು ನೆರವಾಗುತ್ತದೆ, ಅದರಿಂದ ಕಾಮಾಲೆಯ ಬಾಧೆಯೂ ತಗ್ಗುತ್ತದೆ. ಮೊದಲ ದಿನ ಒಂದು ಸಲಕ್ಕೆ ಮಗುವಿಗೆ ಬೇಕಾಗುವುದೇ ಒಂದು ಟೀ ಚಮಚದಷ್ಟು. "ಇಷ್ಟೇ ಇಷ್ಟು ಬರ್ತಿದೆ" ಅಂತ ಕೊರಗುವ ಬಾಣಂತಿಗೆ ಇದನ್ನು ಹೇಳಿ.

• ಜೇನುತುಪ್ಪ, ಸಕ್ಕರೆ ನೀರು, ಬಜೆ, ಹರಳೆಣ್ಣೆ, ಗ್ರೈಪ್ ವಾಟರ್ ಯಾವುದನ್ನೂ ನೆಕ್ಕಿಸಬೇಡಿ. ಕತ್ತೆ ಹಾಲು ಮಾರುವವರು ಈಗಲೂ ನಮ್ಮ ಬೀದಿಗಳಲ್ಲಿ ಕತ್ತೆ ಹೊಡೆದುಕೊಂಡು ಬರುತ್ತಾರೆ. ಕೆಮ್ಮು ಬರಲ್ಲ, ಧ್ವನಿ ಚೆನ್ನಾಗಾಗುತ್ತೆ ಅಂತ ಕಂಕುಳ ಕೂಸಿಗೆ ಒಂದು ಒಳಲೆ ಹಸಿ ಹಾಲು ಕುಡಿಸಿದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಾಯಿಸದ ಆ ಹಾಲಿನಲ್ಲಿ ಯಾವ ಸೋಂಕು ಇದೆಯೋ ಬಲ್ಲವರಾರು? ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಎಳೆಮಗುವಿನ ಕರುಳಿನಲ್ಲಿ ಬೆಳೆದು ಮೈಕೈ ಬಲವನ್ನೇ ಹಿಂಗಿಸಿಬಿಡಬಲ್ಲದು. ಶಾಸ್ತ್ರ ಬಿಡಲಾಗದ ಮನೆಗಳಲ್ಲಿ ನಾನು, "ತಾಯಿ ಹಾಲಿಂದೇ ಒಂದು ಹನಿ ತುಟಿಗೆ ಮುಟ್ಟಿಸಿ, ಶಾಸ್ತ್ರ ಮುಗಿಯಿತು" ಅನ್ನುತ್ತಿದ್ದೆ. ಅಜ್ಜಿಯರು ಮುನಿಸಿಕೊಳ್ಳದೆ ಒಪ್ಪುತ್ತಿದ್ದರು.

• "ಹಾಲು ಸಾಲ್ತಿಲ್ಲ" ಅನ್ನುವ ಎರಡು ಶಬ್ದ ನಾನು ಕಂಡ ಎಷ್ಟೋ ಮನೆಗಳಲ್ಲಿ ಹಾಲು ನಿಲ್ಲಿಸಿದೆ. ಹೇಗೆ ಅಂತ ಕೇಳಿ. ಮೂರನೇ ದಿನ ಸಂಜೆ ಮಗು ರಚ್ಚೆ ಹಿಡಿಯುತ್ತದೆ. ನೋಡಲು ಬಂದ ದೊಡ್ಡಮ್ಮ, "ಹಸಿವೆ ಇರಬೇಕು, ನಿಂಗೆ ಹಾಲು ಸಾಲ್ತಿಲ್ಲ ಅನ್ಸುತ್ತೆ" ಅನ್ನುತ್ತಾರೆ. ಗಂಡ ಓಡಿಹೋಗಿ ಡಬ್ಬಿ ತರುತ್ತಾನೆ. ಬಾಟಲಿಯಲ್ಲಿ ಹೊಟ್ಟೆ ತುಂಬ ಕುಡಿದ ಮಗು ನಾಲ್ಕು ಗಂಟೆ ಮಲಗುತ್ತದೆ, ಎಲ್ಲರಿಗೂ ಸಮಾಧಾನ. ಆ ನಾಲ್ಕು ಗಂಟೆ ಎದೆಯನ್ನು ಯಾರೂ ಚೀಪಲಿಲ್ಲ. ಬಾವಿಯ ಸೆಲೆ ಇದ್ದ ಹಾಗೆ ಇದು. ಸೇದಿದಷ್ಟೂ ಊರುತ್ತದೆ, ಸೇದದೆ ಬಿಟ್ಟರೆ ಊರುವುದನ್ನೇ ನಿಲ್ಲಿಸುತ್ತದೆ. ಮಾರನೇ ದಿನ ಇನ್ನೆರಡು ಬಾಟಲಿ. ಬಾಟಲಿಯ ನಿಪ್ಪಲ್ಲಿನಿಂದ ಸಲೀಸಾಗಿ ಸುರಿಯುವುದಕ್ಕೆ ಒಗ್ಗಿದ ಮಗು ಎದೆಯ ಹತ್ತಿರ ತಂದರೆ ಮುಖ ತಿರುಗಿಸುತ್ತದೆ. ಹದಿನೈದು ದಿನಕ್ಕೆ ಆ ಮಾತು ನಿಜವಾಗಿಬಿಡುತ್ತದೆ.

ಸಾಲುತ್ತಿದೆಯೋ ಇಲ್ಲವೋ ತಿಳಿಯಲು ಮಗುವಿನ ಬಟ್ಟೆ ನೋಡಿ. ಐದನೇ ದಿನದಿಂದ ಆಚೆಗೆ ಹಗಲು ರಾತ್ರಿ ಸೇರಿ ಆರು ಸಲವಾದರೂ ಚೆನ್ನಾಗಿ ಒದ್ದೆಯಾಗುತ್ತಿದ್ದರೆ, ಮೂತ್ರ ತಿಳಿಯಾಗಿದ್ದರೆ, ಕುಡಿಯುವಾಗ ನುಂಗುವ ಸದ್ದು ಕೇಳುತ್ತಿದ್ದರೆ, ಹಾಲು ಸಾಲುತ್ತಿದೆ. ತೂಕ ಮೊದಲ ವಾರ ಇಳಿಯುತ್ತದೆ, ಹತ್ತರಲ್ಲೊಂದು ಪಾಲಿನೊಳಗೆ ಇಳಿದರೆ ಗಾಬರಿ ಬೇಡ. ಎರಡು ವಾರಕ್ಕೆ ಹುಟ್ಟಿದ ತೂಕ ಮರಳಬೇಕು. ಮರಳದಿದ್ದರೆ ತೋರಿಸಿ. ಮಗು ಸಪ್ಪಗೆ ಬಿದ್ದಿದ್ದರೆ, ಎಬ್ಬಿಸಿದರೂ ಎದೆ ಹಿಡಿಯದಿದ್ದರೆ, ಅರ್ಧ ದಿನವಾದರೂ ಬಟ್ಟೆ ಒಣಗಿದ್ದರೆ, ಅಂಗೈ ಅಂಗಾಲು ಹಳದಿಯಾದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

• ಅಳುವವರೆಗೆ ಕಾಯಬೇಡಿ. ಅಳು ಹಸಿವಿನ ಕೊನೆಯ ಸೂಚನೆ. ಬಾಯಿ ಚಪ್ಪರಿಸುವುದು, ಕೈ ಬಾಯಿಗೆ ಒಯ್ಯುವುದು, ತಲೆ ಆಚೀಚೆ ಹೊರಳಿಸುವುದು ಕಂಡಾಗಲೇ ಎದೆಗೆ ಕೊಡಲಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ. ಗಡಿಯಾರ ನೋಡಿ "ಈಗತಾನೇ ಕೊಟ್ಟೆಯಲ್ಲ" ಅಂತ ಅವಳನ್ನು ತಡೆಯಬೇಡಿ. ಸಂಜೆ ಹೊತ್ತು ಕೆಲವು ಮಕ್ಕಳು ಅರ್ಧರ್ಧ ಗಂಟೆಗೆ ಕೇಳುತ್ತವೆ. ಎಲ್ಲ ಅಳುವೂ ಹಸಿವೆಯದಲ್ಲ. ಎತ್ತಿಕೊಂಡು ಓಡಾಡುವುದು, ತೇಗಿಸುವುದು, ಒದ್ದೆ ಬಟ್ಟೆ ಬದಲಿಸುವುದು ಅಜ್ಜ ಅಜ್ಜಿಗೂ ಬರುತ್ತದೆ.

• ನೋವನ್ನು ಸಹಿಸಿಕೋ ಅನ್ನಬೇಡಿ. ಮೊದಲೆರಡು ದಿನದ ಚುರುಕು ಬೇರೆ. ತೊಟ್ಟು ಒಡೆದು, ರಕ್ತ ಬಂದು, ಮಗು ಬಾಯಿ ತೆರೆದರೆ ತಾಯಿ ಹಲ್ಲು ಕಚ್ಚುವಂತಾಗಿದ್ದರೆ ಮಗು ಸರಿಯಾಗಿ ಹಿಡಿದಿಲ್ಲ ಅಂತ ಅರ್ಥ. ಬರೀ ತೊಟ್ಟನ್ನು ಚೀಪಿದರೆ ತಾಯಿಗೆ ನೋವು, ಮಗುವಿಗೆ ಹಾಲೂ ಇಲ್ಲ. ಮಗುವಿನ ಬಾಯಿ ಆಕಳಿಸುವಷ್ಟು ಅಗಲವಾಗಿ ತೆರೆಯುವವರೆಗೆ ಕಾದು, ಆಗ ಮಗುವನ್ನು ಎದೆಯ ಹತ್ತಿರ ತರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ, ಅದರಲ್ಲೂ ಕೆಳಗಿನದು, ಬಾಯಿಯೊಳಗೆ ಹೋಗಬೇಕು. ಗದ್ದ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವ ಹಾಗೆ ಇಡೀ ಮೈ ತಿರುಗಿರಲಿ. ಕತ್ತು ಮಾತ್ರ ತಿರುಗಿಸಿಕೊಂಡು ನಾವಾದರೂ ನೀರು ಕುಡಿಯಬಲ್ಲೆವೇ? ಸರಿಯಾಗದಿದ್ದರೆ ಕಿರುಬೆರಳನ್ನು ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಹಿಡಿಸಿ. ಹತ್ತು ಸಲ ಬೇಕಾದರೂ ಹತ್ತು ಸಲ. ಒಡೆದ ತೊಟ್ಟಿಗೆ ಅವಳ ಹಾಲನ್ನೇ ಒಂದೆರಡು ಹನಿ ಸವರಿ ಗಾಳಿಗೆ ಆರಲು ಬಿಡಿ. ಒಂದು ಎದೆ ಪೂರ್ತಿ ಮುಗಿದ ಮೇಲೆ ಇನ್ನೊಂದು. ಕೊನೆಯಲ್ಲಿ ಬರುವ ಹಾಲಿನಲ್ಲಿ ಕೊಬ್ಬು ಹೆಚ್ಚು.

• ಎದೆ ಗಡುಸಾಗಿ ಹಾಲು ಕಟ್ಟಿಕೊಂಡರೆ ಹಾಲೂಡಿಸುವುದನ್ನು ನಿಲ್ಲಿಸಬೇಡಿ. ಸ್ವಲ್ಪ ಹಿಂಡಿ ಮೆತ್ತಗೆ ಮಾಡಿ ಆಮೇಲೆ ಮಗುವಿಗೆ ಹಿಡಿಸಿ, ಕುಡಿಸಿದ ಮೇಲೆ ತಣ್ಣೀರ ಬಟ್ಟೆ ಇಡಿ. ಬಲವಾಗಿ ತಿಕ್ಕಬೇಡಿ. ಕೆಂಪು ಬಾವು, ಚಳಿಜ್ವರ ಬಂದರೆ ಡಾಕ್ಟರಿಗೆ ತೋರಿಸಬೇಕು. ಆಗಲೂ ಬಹುತೇಕ ಹಾಲು ಕೊಡಬಹುದು. ತಾಯಿಗೆ ನೆಗಡಿ ಜ್ವರ ಬಂದರೆ ಮಗುವನ್ನು ಬೇರೆ ಮಾಡುವ ಅಭ್ಯಾಸವೂ ಬೇಡ. ಔಷಧಿ ಬರೆಸಿಕೊಳ್ಳುವಾಗ "ಹಾಲೂಡಿಸ್ತಾಳೆ" ಅಂತ ಹೇಳಿದರೆ ಸಾಕು.

• ರಾತ್ರಿಯನ್ನು ಗಂಡ ಹಂಚಿಕೊಳ್ಳಬೇಕು. ಹಾಲು ಉತ್ಪತ್ತಿ ಮಾಡಿಸುವ ಹಾರ್ಮೋನು ರಾತ್ರಿ ಹೊತ್ತು ಹೆಚ್ಚು, ಆದ್ದರಿಂದ ರಾತ್ರಿ ಹಾಲು ತಪ್ಪಿಸುವಂತಿಲ್ಲ. ಹಾಲನ್ನು ಹೊರಕ್ಕೆ ಬಿಡುವ ಇನ್ನೊಂದು ಹಾರ್ಮೋನು ತಾಯಿಯ ಮನಸ್ಸು ಹಗುರಾಗಿದ್ದರೆ ಚೆನ್ನಾಗಿ ಬರುತ್ತದೆ, ಬೈಗುಳ, ಭಯ, ನೋವು ಅದನ್ನು ತಡೆಯುತ್ತವೆ. ನಾನು ಕಂಡ ಒಬ್ಬ ಹುಡುಗ, ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಬೆಳಗಿನ ಜಾವವೇ ಮೂಟೆ ಇಳಿಸಲು ಹೋಗಬೇಕಾದವನು, ರಾತ್ರಿ ಒಂದು ಸಲ ಎದ್ದು ಮಗುವನ್ನು ತೊಟ್ಟಿಲಿಂದ ಎತ್ತಿ ಹೆಂಡತಿಗೆ ಕೊಟ್ಟು, ಅವಳಿಗೊಂದು ಚೊಂಬು ನೀರಿಟ್ಟು, ಕುಡಿದಾದ ಮೇಲೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತೇಗಿಸಿ ಮಲಗಿಸುತ್ತಿದ್ದ. ಓದಿದವನಲ್ಲ, ಯಾರೂ ಹೇಳಿಕೊಟ್ಟದ್ದೂ ಅಲ್ಲ. ಆ ಮಗು ಎರಡು ವರ್ಷ ಎದೆಹಾಲು ಕುಡಿಯಿತು. ತವರಿನಲ್ಲಿ ಬಾಣಂತನವಾಗುತ್ತಿದ್ದರೆ ಅಪ್ಪನಾದವನೇ, ಭಾನುವಾರ ಬಂದು ಹೋಗುವ ನೆಂಟನಾಗಬೇಡ, ರಾತ್ರಿ ಉಳಿ.

• ಬಾಣಂತಿಗೆ ನೀರು ಕಟ್ಟಬೇಡಿ. ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಅಂತ ಲೋಟದ ಲೆಕ್ಕದಲ್ಲಿ ನೀರು ಕೊಡುವುದನ್ನು ನಾನು ಸುಶಿಕ್ಷಿತರ ಮನೆಯಲ್ಲೂ ನೋಡಿದ್ದೇನೆ. ಬಾಯಾರಿದಷ್ಟೂ ಕುಡಿಯಲಿ, ಹಾಲೂಡಿಸಲು ಕೂತಾಗಲೆಲ್ಲ ಕೈಗೆಟುಕುವಲ್ಲಿ ನೀರಿರಲಿ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು ಅನ್ನುತ್ತದೆ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ. ಅಂದರೆ ಇನ್ನೊಂದು ಪೂರ್ತಿ ಊಟ. ನಮ್ಮ ಹಿರಿಯರ ಅಡಿಗೆಯಲ್ಲಿ ಒಳ್ಳೆಯದು ಬಹಳ ಇದೆ, ಅದನ್ನು ಬಿಡಬೇಡಿ: ಸಬ್ಬಸಿಗೆ ಸೊಪ್ಪಿನ ಪಲ್ಯ, ನುಗ್ಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ, ಮೆಂತ್ಯ, ರಾಗಿ ಮುದ್ದೆ, ಬಡಗಣದಿಂದ ಬಂದವರ ಮನೆಯ ಅಂಟಿನುಂಡಿ, ಅಳ್ವಿ ಪಾಯಸ, ಆರ್.ಟಿ. ನಗರದ ಮುಸ್ಲಿಂ ಮನೆಗಳಲ್ಲಿ ಕಾಯಿಸುವ ಹರೀರಾ. ಇವುಗಳಲ್ಲಿ ಯಾವುದೋ ಒಂದು ತಿಂದರೆ ಹಾಲು ಉಕ್ಕುತ್ತದೆ ಅಂತಲ್ಲ, ಹೊಟ್ಟೆ ತುಂಬ ರುಚಿಯಾಗಿ ತಿಂದ ಬಾಣಂತಿಗೆ ತ್ರಾಣವಿರುತ್ತದೆ. ಬಿಡಬೇಕಾದದ್ದು ಪಥ್ಯದ ಹೆಸರಿನ ಉಪವಾಸ. ಹಣ್ಣು, ತರಕಾರಿ, ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ ಮಾಂಸ, ಎಲ್ಲ ಕೊಡಿ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಹೆರಿಗೆಯಾದ ಮೇಲೂ 180 ದಿನ ನುಂಗಬೇಕು, ಇದನ್ನು ಅರ್ಧಕ್ಕೇ ಬಿಡುವವರೇ ಹೆಚ್ಚು.

ಅಂಗನವಾಡಿಯಲ್ಲಿ ಹೆಸರು ಬರೆಸಿ. 2017ರ ಅಕ್ಟೋಬರ್ 2ರಂದು ರಾಜ್ಯ ಸರ್ಕಾರ ಶುರುಮಾಡಿದ ಮಾತೃಪೂರ್ಣ ಗರ್ಭಿಣಿ ಬಾಣಂತಿಯರ ಊಟ, ಮೊಟ್ಟೆ, ಹಾಲಿಗಾಗಿಯೇ ಇರುವ ಯೋಜನೆ. ಅಲ್ಲಿಗೆ ಹೋಗುವುದು ಅವಮಾನ ಅಂದುಕೊಳ್ಳಬೇಡಿ.

• ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಕಣ್ಣುರಿಯುವಷ್ಟು ಬೇಡ, ಗಾಳಿ ಬರಲಿ.

• ಆರು ತಿಂಗಳು ತುಂಬುವವರೆಗೆ ಹನಿ ನೀರೂ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಮನೆಯೊಳಗೆ ನಾವೇ ಬೇಯುತ್ತಿರುವಾಗ ಮಗುವಿಗೆ ಬಾಯಾರದೇ ಅಂತ ಅಜ್ಜಿಯರ ಕರುಳು ಚುರ್ರೆನ್ನುತ್ತದೆ, ನನಗೆ ಗೊತ್ತು. ಎದೆಹಾಲಿನಲ್ಲಿ ನೂರಕ್ಕೆ 88 ಪಾಲು ನೀರೇ ಇದೆ. ಸೆಖೆ ಹೆಚ್ಚಾದರೆ ಇನ್ನೆರಡು ಸಲ ಎದೆಗೆ ಕೊಡಲಿ. ಆರು ತಿಂಗಳು ತುಂಬಿದ ಮೇಲೆ ನಮ್ಮ ರಾಗಿ ಸರಿ, ತುಪ್ಪ ಹಾಕಿ ಮಸೆದ ಅನ್ನ ಬೇಳೆ, ಬಾಳೆಹಣ್ಣು ಶುರುಮಾಡಿ. ಎದೆಹಾಲು ಮಾತ್ರ ಎರಡು ವರ್ಷ, ಅದಕ್ಕಿಂತ ಆಚೆಗೂ ಮುಂದುವರಿಯಲಿ. "ಹಲ್ಲು ಬಂತು, ಇನ್ನೂ ಬಿಡಿಸಿಲ್ವಾ" ಅಂತ ಕೇಳುವುದನ್ನು ನಾವು ಹೆಂಗಸರೇ ನಿಲ್ಲಿಸಬೇಕು.

• ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಮಗುವಿನ ತಾಯಿಗೆ ಎರಡು ಪಟ್ಟು ಧೈರ್ಯ ಬೇಕು. ಮಗು ಐಸಿಯುನಲ್ಲಿದ್ದರೂ ಅವಳು ಎರಡು ಮೂರು ಗಂಟೆಗೊಮ್ಮೆ ಕೈಯಿಂದ ಹಾಲು ಹಿಂಡಿ ತೆಗೆಯುತ್ತಿರಲಿ, ಇಲ್ಲದಿದ್ದರೆ ಮಗು ಹೊರಗೆ ಬರುವ ಹೊತ್ತಿಗೆ ಹಾಲು ಹಿಂದೆ ಸರಿದಿರುತ್ತದೆ. ಡಾಕ್ಟರು ಒಪ್ಪಿದ ಕೂಡಲೇ ಮಗುವನ್ನು ಬರಿಮೈಯಲ್ಲಿ ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಶುರುವಾಗಲಿ. ಅಮ್ಮ ದಣಿದರೆ ಅಪ್ಪನ ಎದೆಯೂ ಬೆಚ್ಚಗೇ ಇರುತ್ತದೆ. ಹಿಂಡಿದ ಹಾಲನ್ನು ಒಳಲೆಯಲ್ಲಿ, ಮಗು ತಾನಾಗಿ ನುಂಗಿದಷ್ಟೇ ಕುಡಿಸಿ. ಹಳೇ ಪದ್ಧತಿಯಂತೆ ಕಾಲ ಮೇಲೆ ಮಲಗಿಸಿ ಮೂಗು ಹಿಡಿದು ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾಯಿಯ ಹಾಲು ಸಿಗದ ಇಂಥ ಕೂಸುಗಳಿಗಾಗಿ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಅಮೃತಧಾರೆ ಅನ್ನುವ ಎದೆಹಾಲಿನ ಬ್ಯಾಂಕ್ ಆರಂಭವಾಯಿತು. ಹೆಚ್ಚು ಹಾಲಿರುವ ತಾಯಂದಿರು ಪರೀಕ್ಷೆ ಮಾಡಿಸಿಕೊಂಡು ಅಲ್ಲಿ ದಾನ ಕೊಡಬಹುದು.

• ಕೆಲಸಕ್ಕೆ ಮರಳುವವಳ ಹಾಲು ನಿಲ್ಲಬೇಕಾಗಿಲ್ಲ. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಬಂತು. 50 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕಾನೂನೇ ಕೊಟ್ಟಿದೆ. ಮಾನ್ಯತಾ ಟೆಕ್ ಪಾರ್ಕಿನ ಹುಡುಗಿಯರಿಗೆ ಇದು ಗೊತ್ತಿರುತ್ತದೆ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರಲ್ಲಿ ಎಷ್ಟೋ ಜನಕ್ಕೆ ಯಾರೂ ಹೇಳಿರುವುದಿಲ್ಲ. ಸೂಪರ್‌ವೈಸರ್ ಆಗಿರುವವರೇ, ನಿಮ್ಮ ಲೈನಿನಲ್ಲಿ ಬ್ಲೌಸ್ ಒದ್ದೆಯಾಗಿ ಶಾಲು ಹೊದ್ದು ಕೂತವಳನ್ನು ಗದರಿಸದೆ ಹತ್ತು ನಿಮಿಷ ಬಿಟ್ಟುಕೊಡಿ.

ಕೆಲಸಕ್ಕೆ ಹೋಗುವ ಎರಡು ವಾರ ಮೊದಲೇ ಹಾಲು ಹಿಂಡುವುದನ್ನು ಅಭ್ಯಾಸ ಮಾಡಿಕೊಳ್ಳಲಿ. ಕೈ ತೊಳೆದು, ಕುದಿಸಿದ ಮುಚ್ಚಳದ ಸ್ಟೀಲ್ ಬಟ್ಟಲಿಗೆ ಹಿಂಡಿದರೆ ಪಂಪಿನ ಖರ್ಚೂ ಇಲ್ಲ. ಹೊರಗಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ಒಂದು ದಿನ ಇಡಬಹುದು. ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ, ಒಳಲೆ ಅಥವಾ ಸಣ್ಣ ಲೋಟದಲ್ಲಿ ಕುಡಿಸಿ. ಸಂಜೆ ಹೆಬ್ಬಾಳ ಫ್ಲೈಓವರಿನ ಸಾಲಿನಲ್ಲಿ ನಿಂತು ಎದೆ ಬಿಗಿದುಕೊಂಡು ಬರುವವಳು ಮನೆ ಮೆಟ್ಟಿಲು ಹತ್ತಿದ ಕೂಡಲೇ ಮಗುವನ್ನು ಕೈಗೆ ಕೊಡಿ. ಅರ್ಧ ಗಂಟೆ ಮುಂಚೆ ಬೇರೇನೋ ಕುಡಿಸಿ ಮಲಗಿಸಿಬಿಡಬೇಡಿ. ರಾತ್ರಿ ಅಡಿಗೆ ಇನ್ಯಾರಾದರೂ ಮಾಡಲಿ.

• ಹೆರಿಗೆ ರಜೆಯ ಈ ಕಾನೂನು ತಲುಪದ ತಾಯಂದಿರು ನಮ್ಮ ಕಣ್ಣೆದುರೇ ಇದ್ದಾರೆ. ಯಲಹಂಕದ ಸುತ್ತ ಏಳುತ್ತಿರುವ ಅಪಾರ್ಟ್‌ಮೆಂಟುಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದು ಇಟ್ಟಿಗೆ ಹೊರುವ ಹೆಣ್ಣುಮಕ್ಕಳಿದ್ದಾರೆ. ಕಂಬದಿಂದ ಕಂಬಕ್ಕೆ ಸೀರೆ ಜೋಲಿ ಕಟ್ಟಿ, ಎಂಟು ವರ್ಷದ ಅಕ್ಕನಿಗೆ ತೂಗಲು ಹೇಳಿ ಕೆಲಸಕ್ಕೆ ಏರುತ್ತಾರೆ. ಮೇಸ್ತ್ರಿಗಳೇ, ಹಾಲೂಡಿಸಲು ಇಳಿದವಳ ಕೂಲಿ ಮುರಿಯಬೇಡಿ. ಮನೆಗೆಲಸಕ್ಕೆ ಬರುವವಳಿಗೆ ಹೆರಿಗೆಯಾದರೆ ನಾವು ಏನು ಮಾಡುತ್ತೇವೆ? ತಿಂಗಳು ನೋಡಿ ಬೇರೆಯವರನ್ನು ಹಚ್ಚುತ್ತೇವೆ. ಕೆಲಸ ಕೈತಪ್ಪುವ ಭಯಕ್ಕೆ ಅವಳು ಮೂವತ್ತೇ ದಿನಕ್ಕೆ ಮಗುವನ್ನು ಬಾಟಲಿಗೆ ಒಪ್ಪಿಸಿ ಬರುತ್ತಾಳೆ. ನಮ್ಮ ಮಗಳಿಗೆ ಆರು ತಿಂಗಳ ರಜೆ ನ್ಯಾಯ ಅನ್ನಿಸುವುದಾದರೆ, ಅವಳ ಕೆಲಸವನ್ನು ಮೂರು ತಿಂಗಳಾದರೂ ಕಾದಿಟ್ಟು, ಆದಷ್ಟು ಸಂಬಳ ಕೊಡಿ. ಮರಳಿ ಬಂದಾಗ ಮಗುವನ್ನು ಕರೆತರಲು ಹೇಳಿ. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ ಬರುತ್ತದೆ, ನೋಂದಾಯಿತ ಕಟ್ಟಡ ಕಾರ್ಮಿಕಳಿಗೆ ಕಾರ್ಮಿಕ ಕಲ್ಯಾಣ ಮಂಡಳಿಯ ಹೆರಿಗೆ ಸಹಾಯಧನವಿದೆ. ಅರ್ಜಿ ತುಂಬಲು ಒಂದು ಮಧ್ಯಾಹ್ನ ಅವಳ ಜೊತೆ ಕೂತುಕೊಳ್ಳಿ.

• ಹೊರಗಡೆ ಹಾಲೂಡಿಸುವವಳನ್ನು ದಿಟ್ಟಿಸಬೇಡಿ, ಎದ್ದು ಹೋಗು ಅನ್ನಬೇಡಿ. ಯಶವಂತಪುರ ರೈಲು ನಿಲ್ದಾಣದಲ್ಲಿ ಹಸಿದ ಮಗುವನ್ನು ಎತ್ತಿಕೊಂಡು ಶೌಚಾಲಯದ ಕಡೆ ಓಡುವ ತಾಯಿಯನ್ನು ಕಂಡರೆ ನನಗೆ ದುಃಖವಾಗುತ್ತದೆ. ನಾವ್ಯಾರಾದರೂ ಅಲ್ಲಿ ಕೂತು ಊಟ ಮಾಡುತ್ತೇವೆಯೇ? ಸೀಟು ಬಿಟ್ಟುಕೊಡಿ, ಬೇಕೆಂದರೆ ಅಡ್ಡಲಾಗಿ ನಿಲ್ಲಿ. 2021ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ಹಾಲೂಡಿಸುವುದು ತಾಯಿಯಿಂದ ಬೇರ್ಪಡಿಸಲಾಗದ ಹಕ್ಕು, ಎದೆಹಾಲು ಕುಡಿಯುವುದು ಶಿಶುವಿನ ಹಕ್ಕೂ ಹೌದು ಎಂದು ತೀರ್ಪು ಕೊಟ್ಟರು. ಕಳುವಾಗಿ ಬೇರೆ ಮನೆಯಲ್ಲಿ ಬೆಳೆಯುತ್ತಿದ್ದ ಮಗುವನ್ನು ಹೆತ್ತವಳಿಗೆ ಒಪ್ಪಿಸುವ ಪ್ರಕರಣ ಅದು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸುವ ಕೊಠಡಿ ಇರಬೇಕು, ಹೊರಗೆ ಹಾಲೂಡಿಸುವುದನ್ನು ಕಳಂಕವೆಂಬಂತೆ ನೋಡಬಾರದು ಅಂದಿತು.

• ಹಾಲಿನ ಪುಡಿಯ ಬಗ್ಗೆ ಎರಡು ಮಾತು. 1992ರ ಕಾನೂನಿನ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ, ಫೀಡಿಂಗ್ ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ, ಪುಕ್ಕಟೆ ಸ್ಯಾಂಪಲ್ ಹಂಚುವಂತಿಲ್ಲ. ಆದ್ದರಿಂದ ಯಾರಾದರೂ ಡಬ್ಬಿ ಉಡುಗೊರೆ ಕೊಟ್ಟರೆ ಬೇಡ ಅನ್ನಿ. ಹಾಗೆಂದು, ತಾಯಿಯ ಕಾಯಿಲೆಗೋ ಮಗುವಿನ ಕಾಯಿಲೆಗೋ ಡಾಕ್ಟರೇ ಬರೆದುಕೊಟ್ಟಾಗ, ಎಲ್ಲ ಪ್ರಯತ್ನ ಮಾಡಿಯೂ ಹಾಲು ಸಾಲದೆ ಹೋದಾಗ, ಕುದಿಸಿದ ನೀರಿನಲ್ಲಿ ಡಬ್ಬಿಯ ಮೇಲೆ ಬರೆದ ಅಳತೆಯಂತೆಯೇ ಕಲಸಿ ಕೊಡಿ. ದುಬಾರಿ ಅಂತ ತೆಳ್ಳಗೆ ಮಾಡಿದರೆ ಮಗು ಸೊರಗುತ್ತದೆ. ಆ ತಾಯಿಯನ್ನು ಯಾಕೆ, ಏನು ಅಂತ ಕೆದಕಬೇಡಿ. ಅವಳು ಸೋತಿಲ್ಲ, ಅವಳ ತಪ್ಪೂ ಇಲ್ಲ.

• ಬಾಣಂತಿಯ ಮುಖ ನೋಡಿ. ಮೊದಲ ವಾರದ ಅಳು ಬಂದು ಹೋಗುತ್ತದೆ. ಎರಡು ವಾರ ಕಳೆದರೂ ನಿದ್ದೆಯಿಲ್ಲ, ಊಟ ಬೇಡ, ಮಗುವಿನ ಕಡೆ ನೋಡುವುದೂ ಬೇಡ ಅನ್ನುವಂತಿದ್ದರೆ ಅದು ಕಾಯಿಲೆ, ಕೊಬ್ಬಲ್ಲ. ದೃಷ್ಟಿ ತೆಗೆಯಿರಿ, ಬೇಡ ಅನ್ನಲಾರೆ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕವಿದೆ. ಹೆಣ್ಣು ಮಗು ಹುಟ್ಟಿತೆಂದು ಆಡಿದ ಒಂದು ಮಾತು ಇಂಥ ಕಾಯಿಲೆಗೆ ಕಾರಣವಾದದ್ದನ್ನು ನಾನು ನೋಡಿದ್ದೇನೆ.

• ಆಶಾ ಅಕ್ಕನಿಗೆ ಬಾಗಿಲು ತೆರೆಯಿರಿ. ಆಸ್ಪತ್ರೆ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬಂದು ಮಗುವಿನ ತೂಕ, ತಾಯಿಯ ಎದೆ ನೋಡಬೇಕು. ಗೇಟಿನಲ್ಲೇ ರಿಜಿಸ್ಟರಿಗೆ ಸಹಿ ಹಾಕಿ ಕಳಿಸಬೇಡಿ, ಒಳಗೆ ಕರೆದು ಕೂರಿಸಿ, ಹಾಲೂಡಿಸುವುದನ್ನು ತೋರಿಸಿ, ಕೇಳಿ. ಬರದಿದ್ದರೆ ಹತ್ತಿರದ ನಮ್ಮ ಕ್ಲಿನಿಕ್‌ನಲ್ಲಿ ವಿಚಾರಿಸಿ.

• ನಿಮ್ಮ ಬೀದಿಯಲ್ಲಿ, ನಿಮ್ಮ ಮಹಡಿಯಲ್ಲಿ ಈ ತಿಂಗಳು ಯಾರ ಮನೆಯಲ್ಲಿ ಹೆರಿಗೆಯಾಗಿದೆ ಅಂತ ವಿಚಾರಿಸಿ. ನೋಡಲು ಹೋಗುವಾಗ ಒಂದು ಡಬ್ಬಿ ಬಿಸಿ ಊಟ ಒಯ್ಯಿರಿ. ಹಾಲು ಇದೆಯಾ ಅಂತ ಕೇಳಬೇಡಿ. ಕೈ ತೊಳೆದುಕೊಂಡು, ಅವಳು ಉಂಡು ಕೈ ತೊಳೆಯುವವರೆಗೆ ಮಗುವನ್ನು ಎತ್ತಿಕೊಂಡಿರಿ.